ಊಟ ಆತೇನು ಎಂಬ ತಪಾಸಣೆ

ಕ್ರೀಮ್ ಕೇಕಿನ ವಾಸನೆ ನಿಮಗೆ ಹೇಗೋ ನಾನರಿಯೆ, ನನಗಂತೂ ಮೈ ಉರಿಯುತ್ತದೆ. ಇಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ಕೂತಿದ್ದೆ. ಪಕ್ಕದ ಮನೆಯ ಶಾಂತಕ್ಕ ರೇಷ್ಮೆ ಸೀರೆ ಉಟ್ಟು, ತಟ್ಟೆಯಲ್ಲಿ ಒಂದು ತುಂಡು ಕೇಕು ಹಿಡಿದು ಅಡುಗೆಮನೆಯ ಬಾಗಿಲಿಗೇ ಬಂದರು. ಮೊಮ್ಮಗನ ಹುಟ್ಟುಹಬ್ಬವಂತೆ. ಕೇಕು ಮನೆಯಲ್ಲಿ, ಊಟ ಮಾತ್ರ ಯಾವುದೋ ಆಶ್ರಮದಲ್ಲಿ.

"ದೇವರ ಮಕ್ಕಳ ಕೂಡ ಮಾಡಿದ್ರ ಪುಣ್ಯ ಬರ್ತೈತ್ರಿ," ಎಂದರು. "ಫೋಟೋದಾಂವ ನರಗುಂದದಿಂದ ಬರಬೇಕು, ಅವನ ದಾರಿ ಕಾಯಾಕತ್ತೇವಿ."

ದೇವರ ಮಕ್ಕಳು! ಈ ಮಾತನ್ನು ಮೊದಲು ಹುಟ್ಟಿಸಿದ ಪುಣ್ಯಾತ್ಮ ಸಿಕ್ಕರೆ ಎರಡು ಮಾತು ಕೇಳುವುದಿದೆ. ನನ್ನ ಚಿಗವ್ವನ ಮಗ ಈರಣ್ಣನಿಗೆ ಆಗ ನಲವತ್ತರ ಹತ್ತಿರ ವಯಸ್ಸು, ಮೂಗಿನ ಕೆಳಗೆ ದಪ್ಪ ಮೀಸೆ. ಬುದ್ಧಿ ನಿಧಾನ, ಆಗೀಗ ಮೂರ್ಛೆ ಬರುತ್ತಿತ್ತು. ಆದರೂ ಗಜೇಂದ್ರಗಡದಲ್ಲಿ ತಾಯಿಯ ಮಗ್ಗದ ಪಕ್ಕ ಕೂತು ದಿನವಿಡೀ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದ, ಸಿಟ್ಟು ಬಂದರೆ ತಾಯಿಗೇ ಬೈಯುತ್ತಿದ್ದ. ಚಿಗವ್ವ ತೀರಿಕೊಂಡ ಮೇಲೆ ಬಳಗದವರೆಲ್ಲ ಕೂಡಿ ಅವನನ್ನು ಊರ ಹೊರಗಿನ ಒಂದು ಆಸರೆ ಮನೆಗೆ ಸೇರಿಸಿದೆವು. ಅಲ್ಲಿ ಕಾಲಿಟ್ಟ ದಿನವೇ ಅವನು ದೇವರ ಮಗುವಾದ. ಮೀಸೆ ಬೋಳಿಸಿದರು. ಮಗುವಿಗೆ ಮೀಸೆ ಯಾಕೆ ಬೇಕು ಹೇಳಿ? ಬಾಗಿಲ ಚಿಲಕವೂ ಹೊರಗಿನಿಂದ. ಯಾಕೆಂದು ಕೇಳಿದರೆ "ಸುರಕ್ಷತಾ ಸಲುವಾಗಿ" ಎಂದರು. ಒಳಗಿದ್ದವರ ಸುರಕ್ಷತೆಯೋ ಹೊರಗಿದ್ದವರ ನಿದ್ದೆಯೋ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನೀವು ನಮ್ಮ ಕಡೆಯವರಾದರೆ ಇನ್ನೊಂದು ಸಂಗತಿ ನಿಮಗೆ ಹೇಳಬೇಕಾಗಿಲ್ಲ. ರೋಣದ ಬಸ್‌ಸ್ಟ್ಯಾಂಡಿನಲ್ಲಿ ಯಾರೇ ಎದುರಾಗಲಿ, ಮೊದಲ ಮಾತು "ಊಟ ಆತೇನ್ರಿ?" ಉತ್ತರ "ಆತ್ರಿ, ನಿಮ್ದು?" ಹೊಟ್ಟೆ ತಾಳ ಹಾಕುತ್ತಿದ್ದರೂ ಆತ್ರಿಯೇ. ಇಲ್ಲ ಎಂದರೆ ಕೇಳಿದವರ ಮನೆಗೆ ಉಣ್ಣಲು ಹೋಗಬೇಕಾಗುತ್ತದಲ್ಲ! ನಾನಂತೂ ದವಾಖಾನೆಯಲ್ಲಿ ಸಲೈನ್ ಹಚ್ಚಿಸಿಕೊಂಡು ಮಲಗಿದಾಗಲೂ ಭೇಟಿಗೆ ಬಂದವರಿಗೆ ಆತ್ರಿ ಎಂದವಳು.

ಈರಣ್ಣನಿದ್ದ ಆಸರೆ ಮನೆಯ ಗುಣಮಟ್ಟದ ತಪಾಸಣೆ ನಡೆಯುತ್ತಿದ್ದದ್ದೂ ಹೀಗೆಯೇ. ವರ್ಷಕ್ಕೊಮ್ಮೆ ಸಾಹೇಬರು ಬರುತ್ತಿದ್ದರು. ಫಿನೈಲ್ ಹಾಕಿ ತೊಳೆದ ನೆಲದ ಮೇಲೆ ಬೂಟು ಜಾರದಂತೆ ನಡೆದು, ಸಾಲಾಗಿ ಕೂತವರಿಗೆ "ಊಟ ಆತೇನ್ರಪಾ?" ಎನ್ನುವರು. ಎಲ್ಲರೂ ಒಂದೇ ರಾಗದಲ್ಲಿ "ಆತ್ರಿ!" ವ್ಯವಸ್ಥೆ ತೃಪ್ತಿಕರ. ಆಮೇಲೆ ಸಾಹೇಬರ ಊಟವೂ ತೃಪ್ತಿಕರವಾಗಿಯೇ ಆಗುತ್ತಿತ್ತು.

ಒಮ್ಮೆ ಸೀರೆ ತರಲೆಂದು ಗಜೇಂದ್ರಗಡಕ್ಕೆ ಹೋದವಳು ಯಾರಿಗೂ ಹೇಳದೆ ಆ ಮನೆಗೂ ಹೋದೆ. ಮಧ್ಯಾಹ್ನ ಇಳಿಯುತ್ತ ಬಂದಿತ್ತು. ಎಲ್ಲರೂ ತಾಟು ಮುಂದಿಟ್ಟುಕೊಂಡು ಕೂತಿದ್ದರು. ಮೇಜಿನ ಮೇಲೆ ದೊಡ್ಡ ಕೇಕು, ಮೇಲೆ ನೊಣ ಕೂರದಂತೆ ಬುಟ್ಟಿ.

"ಈರಣ್ಣಾ, ಊಟ ಆತ?"

"ಆತ ಅಕ್ಕಾ, ನಿಂದು?"

ಅವನ ತಾಟು ಒಣಗಿತ್ತು. ಒಂದಗುಳಿನ ಗುರುತಿಲ್ಲ. ಅಂದು ನನ್ನ ಬಾಯಿಂದ ಹೇಗೆ ಬಂತೋ, "ಏನ ಉಂಡಿ?" ಎಂದೆ. ಈರಣ್ಣ ತಾಟನ್ನು ನೋಡಿದ, ನನ್ನನ್ನು ನೋಡಿದ. "ಇನ್ನಾ ಹಾಕಿಲ್ಲ," ಎಂದ.

ವ್ಯವಸ್ಥಾಪಕ ನಗುನಗುತ್ತ ಬಂದ. "ಇವತ್ತ ಸಾಹುಕಾರ್ರ ಮಗಳ ಹುಟ್ಟಿದ ಹಬ್ಬ ಐತ್ರಿ ಅಕ್ಕಾರ. ಅವರು ಬಂದು, ಕೇಕ್ ಕೊಯ್ದು, ಫೋಟೋ ಆದ ಮ್ಯಾಲ ಬಡಸ್ತೀವ್ರಿ."

"ಮುಂಜಾನಿ ನಾಷ್ಟಾ?"

"ಹೋಳಿಗಿ ಊಟ ಐತಲ್ರಿ, ಅದಕ್ಕ ನಾಷ್ಟಾ ಕೊಟ್ಟಿಲ್ಲ. ಹೊಟ್ಟಿ ಖಾಲಿ ಇದ್ರ ಚಲೋ ಉಣ್ತಾರ. ನೋಡಿದವರಿಗೂ ಸಮಾಧಾನ."

"ಮತ್ತ ಇವನ ಮೂರ್ಛಿ ಗುಳಿಗಿ?"

"ಊಟ ಆದ ಮ್ಯಾಲ ಕೊಡ್ರಿ ಅಂದಾರ ಡಾಕ್ಟರು. ಊಟ ಆಗಿಲ್ಲ, ಕೊಟ್ಟಿಲ್ಲ. ನಮ್ಮಲ್ಲಿ ನಿಯಮ ಅಂದ್ರ ನಿಯಮ್ರಿ."

ಎಂಥ ಶಿಸ್ತು ನೋಡಿ! ಗುಳಿಗೆಯನ್ನು ನಾನೇ ಕೊಡುತ್ತೇನೆ ಎಂದು ಜಗಳಕ್ಕೆ ನಿಂತೆ. ಕಪಾಟಿನ ಕೀಲಿ ಯಾರ ಹತ್ತಿರವಿದೆ ಎಂದು ಅವರು ಹುಡುಕುತ್ತಿರುವಾಗಲೇ ಹೊರಗೆ ಕಾರು ಬಂತು. "ಎಲ್ಲಾರೂ ಎದ್ದ ನಿಂದರ್ರಿ, ಚಪ್ಪಾಳಿ ಹೊಡೀರಿ!" ಎಂದ ವ್ಯವಸ್ಥಾಪಕ. ಈರಣ್ಣನೂ ಎದ್ದ. ಎದ್ದವನು ಹಾಗೆಯೇ ಬಿದ್ದ. ಕಟ್ಟೆಯ ಅಂಚಿಗೆ ಹಣೆ ಬಡಿದು ರಕ್ತ ಹರಿಯಿತು. ಕೈಕಾಲು ಸೆಟೆದುಕೊಂಡವು. ಕಾರಿನವರ ಜೊತೆ ಬಂದಿದ್ದ ಫೋಟೋದವನು ಕ್ಯಾಮೆರಾವನ್ನು ಕೇಕಿನ ಕಡೆ ತಿರುಗಿಸಿಕೊಂಡ. ವ್ಯವಸ್ಥಾಪಕ ಬಂದವರಿಗೆ ಸಮಾಧಾನ ಹೇಳಿದ: "ಇವಂದು ಯಾವಾಗ್ಲೂ ಇದ ಹಣೇಬಾರ್ರಿ. ನೀವು ಬರ್ರಿ."

ದವಾಖಾನೆಯಲ್ಲಿ ಹೊಲಿಗೆ ಹಾಕಿಸಿ ಅವನನ್ನು ನೇರ ರೋಣಕ್ಕೆ ಕರೆತಂದೆ. ಸುದ್ದಿಯನ್ನು ಮೇಲಿನವರಿಗೂ ಮುಟ್ಟಿಸಿದೆ. ವಿಚಾರಣೆಗೆ ಬಂದವರು ಅಲ್ಲಿ ಕೂತವರನ್ನು ಏನು ಕೇಳಿದರು ಎಂದು ನಾನು ಹೇಳಬೇಕೇ? ಅವರು ಏನೆಂದರು ಎಂಬುದೂ ನಿಮಗೆ ಗೊತ್ತು. ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ಈರಣ್ಣ ಈಗ ನನ್ನ ಮನೆಯಲ್ಲಿದ್ದಾನೆ. ಮೀಸೆ ಮತ್ತೆ ಬಂದಿದೆ, ಅದರಲ್ಲಿ ನಾಲ್ಕು ಕೂದಲು ಬಿಳಿ. ಅವನಿಗೆ ನಾನು ಕಲಿಸಿದ್ದು ಒಂದೇ ಪಾಠ, ಉಣ್ಣದಿದ್ದರೆ "ಇಲ್ಲ" ಎನ್ನುವುದು. ಅದಕ್ಕೆ ಬಹಳ ದಿನ ಹಿಡಿಯಿತು. ನಾಲ್ಕು ಮಂದಿಯ ಮುಂದೆ ಇಲ್ಲ ಎನ್ನಲು ನನಗೇ ನಾಚಿಕೆಯಾಗುತ್ತದೆ, ಅವನಿಗೆ ಆಗುವುದಿಲ್ಲವೇ?

ಇಂದೂ ಒಲೆಯ ಪಕ್ಕ ತಾಟು ಹಿಡಿದು ಕೂತಿದ್ದ ಅವನನ್ನು ನೋಡಿ ಶಾಂತಕ್ಕ ಎಂದಿನಂತೆ ಕೇಳಿದರು. "ಏನಪಾ ಈರಣ್ಣಾ, ಊಟ ಆತ?"

"ಇಲ್ಲ," ಎಂದ ಈರಣ್ಣ, ತಾಟು ಮುಂದೆ ಸರಿಸಿದ.

"ಅಯ್ಯ, ಹಂಗ ಹೇಳ್ತಾರೇನ!" ಎಂದು ಶಾಂತಕ್ಕ ನಕ್ಕರು.

ಈರಣ್ಣ ನಗಲಿಲ್ಲ. ಕೇಕನ್ನು ನೋಡಿದ, ಅವರ ರೇಷ್ಮೆ ಸೀರೆಯನ್ನು ನೋಡಿದ. ಹಣೆಯ ಕಲೆಯ ಮೇಲೆ ಕೈಯಾಡಿಸಿಕೊಂಡು ಕೇಳಿದ: "ಆಶ್ರಮದಾಗ ಇದ್ದವರದು ಊಟ ಆತ?"

"ಆತಪಾ, ಆತು," ಎಂದರು ಶಾಂತಕ್ಕ, ರೂಢಿಯಂತೆ. ನರಗುಂದದ ಫೋಟೋದವನು ಇನ್ನೂ ಬಂದಿರಲಿಲ್ಲ.

ಈರಣ್ಣನ ತಾಟಿಗೆ ಬಿಸಿ ರೊಟ್ಟಿ ಹಾಕಿದೆ. ಕೈ ಒರೆಸಿಕೊಂಡು, ಬಾಗಿಲಿಗೆ ಅಡ್ಡ ನಿಂತು ಕೇಳಿದೆ.

"ಏನ ಉಂಡಾರ್ರಿ ಶಾಂತಕ್ಕಾ?"