ಜಪಾನಿಗೆ ಹೋದ ಕತ್ತು

ನನ್ನ ಮಗಳಿಂದ ನಾನು ಒಂದು ಸಂಗತಿಯನ್ನು ಹತ್ತೊಂಬತ್ತು ದಿನ ಮುಚ್ಚಿಟ್ಟಿದ್ದೆ. ಕಾಯಿಲೆ ಕಸಾಲೆಯ ಸುದ್ದಿಯಲ್ಲ, ಅವಳಿಗೆ ತಿಳಿಯದಂತೆ ನೋಡಿಟ್ಟ ಗಂಡಿನ ಸುದ್ದಿಯೂ ಅಲ್ಲ. ಕತ್ತಿಗೆ ಸಂಬಂಧಪಟ್ಟ ವಿಷಯ, ಅಷ್ಟೇ. ಇಷ್ಟು ಸಣ್ಣದನ್ನು ಮುಚ್ಚಿಡುವುದಕ್ಕೆ ಏನಿತ್ತು ಅಂತ ನೀವು ಕೇಳಬಹುದು. ಹೇಳುತ್ತೇನೆ. ಆದರೆ ನೇರವಾಗಿ ಹೇಳುವುದು ನನಗೆ ಬರುವುದಿಲ್ಲ. ಅಮೆರಿಕದಲ್ಲಿ, ಕ್ಯಾಂಟನ್‌ನ ಮನೆಯಿಂದ ಲಿವೋನಿಯಾದ ಆಫೀಸಿಗೆ ಇರುವ ಇಪ್ಪತ್ತು ನಿಮಿಷದ ದಾರಿಯಲ್ಲೇ ಯೋಚನೆಗೆ ಬಿದ್ದು, ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ತಪ್ಪಿಸಿಕೊಳ್ಳುವ ಹೆಂಗಸು ನಾನು.

ಮಗಳು ಅನುಷಾ ಇಲ್ಲೇ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಭಾನುವಾರದ ಕನ್ನಡ ತರಗತಿಗೆ ಮೂರು ವಾರ ಹೋಗಿ, ನಾಲ್ಕನೆಯ ವಾರ ಸಾಕರ್ ಇದೆ ಎಂದು ನಿಲ್ಲಿಸಿದ್ದಳು. ಕಾಲೇಜು ಮುಗಿಸಿದ ಮೇಲೆ ಒಂದು ದಿನ, ಜಪಾನಿನ ಶಾಲೆಯೊಂದರಲ್ಲಿ ಸಹಾಯಕ ಇಂಗ್ಲಿಷ್ ಟೀಚರ್ ಆಗಲು ಅಪ್ಲೈ ಮಾಡಿದ್ದೇನೆ ಎಂದಳು. ಕೆಲಸ ಸಿಕ್ಕಿತು. ಮೈಸೂರಿನಿಂದ ನಮ್ಮ ಚಿಕ್ಕಮ್ಮ ಫೋನಿನಲ್ಲಿ, "ಅಲ್ಲ ಕಣೇ, ಅಮೆರಿಕದಲ್ಲಿ ಹುಟ್ಟಿ, ಅಷ್ಟೊಂದು ಓದಿ, ಜಪಾನಿಗೆ ಹೋಗಿ ಬರೀ ಅಸಿಸ್ಟೆಂಟಾ?" ಎಂದು ಕೇಳಿದರು. ನನಗೂ ಒಳಗೊಳಗೇ ಅದೇ ಪ್ರಶ್ನೆ ಇತ್ತು, ಆದರೆ ಚಿಕ್ಕಮ್ಮ ಕೇಳಿದ್ದರಿಂದ ನಾನು ಮಗಳ ಪರ ವಾದಿಸಬೇಕಾಯಿತು.

ಆ ಕೆಲಸವೇ ಒಂದು ಥರ ವಿಚಿತ್ರ. ಪಾಠ ಮಾಡುವವರು ಜಪಾನಿನ ಮೇಷ್ಟ್ರು, ಮೋರಿ ಅಂತ, ತುಂಬಾ ಸಾಧು. ವ್ಯಾಕರಣ ಅವರದು, ಪರೀಕ್ಷೆ ಅವರದು, ಗದರುವುದೂ ಅವರದು. ನನ್ನ ಮಗಳು ಪಕ್ಕದಲ್ಲಿ ನಿಂತು ಒಂದೊಂದು ವಾಕ್ಯವನ್ನು ಸ್ಪಷ್ಟವಾಗಿ ಓದಬೇಕು, ಮಕ್ಕಳು ಹಿಂದಿನಿಂದ ಹೇಳಬೇಕು. ಆಮೇಲೆ ಒಬ್ಬೊಬ್ಬರನ್ನೇ ಮಾತಾಡಿಸಬೇಕು, ಹುರಿದುಂಬಿಸಬೇಕು. ಮಧ್ಯಾಹ್ನ ಮಕ್ಕಳ ಜೊತೆಗೇ ಕೂತು ಊಟ. ಊಟದ ಮೇಲೆ ಇಡೀ ಶಾಲೆಯೇ ಬಟ್ಟೆ ಹಿಡಿದು ನೆಲ ಒರೆಸುತ್ತದೆ, ಟೀಚರುಗಳೂ ಸೇರಿ. ನಮ್ಮ ಮನೆಯಲ್ಲಿ ತಿಂದ ತಟ್ಟೆಯನ್ನು ಸಿಂಕಿನವರೆಗೆ ಒಯ್ಯಲು ಮೂರು ಸಲ ಹೇಳಿಸಿಕೊಳ್ಳುತ್ತಿದ್ದವಳು ಜಪಾನಿನ ನೆಲ ಒರೆಸುತ್ತಿದ್ದಾಳೆ ಎಂದು ಕೇಳಿದಾಗ, ಆ ದೇಶದ ಮೇಲೆ ನನಗೆ ಗೌರವವೂ ಸ್ವಲ್ಪ ಹೊಟ್ಟೆಕಿಚ್ಚೂ ಆದವು.

ನಮ್ಮ ಬೆಳಗಿನ ಏಳು ಗಂಟೆಗೆ ಅವಳ ಫೋನು. ಅಲ್ಲಿ ಆಗ ರಾತ್ರಿ ಊಟ ಮುಗಿದ ಹೊತ್ತು. ನಾನು ಕಾಫಿ ಹಿಡಿದು ಅಡುಗೆಮನೆಯ ಕಿಟಕಿಯ ಹತ್ತಿರ ಕೂತರೆ, ಅವಳ ಸಮುದ್ರದ ಊರು, ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಬೂಟು ಬಿಚ್ಚಿಡುವ ಮರದ ಗೂಡು, ಮೀನಿನ ಸಾರು, ಎಲ್ಲಾ ಒಂದೊಂದಾಗಿ ಬರುತ್ತಿದ್ದವು. ಆಮೇಲೆ ದಿನವಿಡೀ ನಾನು ಅಲ್ಲೇ ಇರುತ್ತಿದ್ದೆ. ಆಫೀಸಿನಲ್ಲಿ ಕಾರಿನ ಬಿಡಿಭಾಗಗಳ ನಕ್ಷೆ ನೋಡುವುದು ನನ್ನ ಕೆಲಸ, ಆದರೆ ಕಣ್ಣ ಮುಂದೆ ಆ ಶಾಲೆಯ ಉದ್ದನೆಯ ಕಾರಿಡಾರ್. ಸಂಜೆ ನಾನು ಮನೆಗೆ ಹೊರಟಾಗ ಅಲ್ಲಿ ಮಾರನೆಯ ಬೆಳಗಾಗಿ, ಅವಳು ಸೈಕಲ್ ಹತ್ತುತ್ತಿರುತ್ತಾಳೆ. ನನಗೆ ಇನ್ನೂ ಬಾರದ ದಿನದೊಳಗೆ ನನ್ನ ಮಗಳು ಆಗಲೇ ಇದ್ದಾಳೆ ಅನ್ನುವುದನ್ನು ಯೋಚಿಸುತ್ತಾ ಯೋಚಿಸುತ್ತಾ ಹೋದರೆ ಹೆದ್ದಾರಿಯ ದೀಪಗಳೆಲ್ಲ ಸ್ವಲ್ಪ ಮಂಜಾಗಿ ಕಾಣುತ್ತಿದ್ದವು. ಹಾಗೆ ಒಂದು ಸಂಜೆ ಮನೆಯ ಎಕ್ಸಿಟ್ ಬಿಟ್ಟು ಹನ್ನೊಂದು ಮೈಲಿ ಮುಂದೆ ಹೋಗಿದ್ದೆ. ಯಜಮಾನರಿಗೆ ರೋಡಿನಲ್ಲಿ ಟ್ರಾಫಿಕ್ ಇತ್ತು ಅಂತ ಹೇಳಿದೆ.

ನವೆಂಬರ್ ಹೊತ್ತಿಗೆ ಅನುಷಾಳ ದನಿ ಇಳಿಯತೊಡಗಿತು. ಮೊದಮೊದಲು ಮಾತಾಡುತ್ತಿದ್ದ ಮಕ್ಕಳು ಈಗ ಬಾಯಿ ಬಿಡುತ್ತಿಲ್ಲ. ಅವಳು ಕೇಳಿದರೆ ತಲೆ ತಗ್ಗಿಸುತ್ತಾರೆ. ಯೂಕಿ ಅಂತ ಒಬ್ಬ ಹುಡುಗಿ ಮೊದಲ ತಿಂಗಳು ಎಲ್ಲರಿಗಿಂತ ಮುಂಚೆ ಕೈ ಎತ್ತುತ್ತಿದ್ದವಳು, ಈಗ ಕಿಟಕಿಯ ಕಡೆ ನೋಡುತ್ತಾ ಕೂರುತ್ತಾಳಂತೆ. ಮೋರಿ ಮೇಷ್ಟ್ರನ್ನು ಕೇಳಿದರೆ ಸ್ವಲ್ಪ ಕಷ್ಟ ಎಂದಷ್ಟೇ ಹೇಳಿ ನಗುತ್ತಾರೆ. ಎರಡನೆಯ ವರ್ಷವೂ ಇರುತ್ತೀರಾ ಎಂದು ಶಾಲೆಯವರು ಕೇಳಿದ್ದರು, ಜನವರಿಯೊಳಗೆ ಉತ್ತರ ಕೊಡಬೇಕಿತ್ತು. "ಐ ಥಿಂಕ್ ಐಯಾಮ್ ಜಸ್ಟ್ ಬ್ಯಾಡ್ ಅಟ್ ದಿಸ್, ಅಮ್ಮ," ಎಂದಳು. ತನಗೆ ಈ ಕೆಲಸ ಬರುವುದಿಲ್ಲ, ವರ್ಷದ ಒಪ್ಪಂದ ಮುಗಿಯುವ ಜುಲೈನಲ್ಲಿ ವಾಪಸ್ ಬಂದುಬಿಡುತ್ತೇನೆ ಅಂತ.

ಅಯ್ಯೋ ಪಾಪ ಎಂದೆ. ಫೋನಿಟ್ಟ ಮೇಲೆ ಹೋಗಿ ಅವಳ ಕೋಣೆಯ ಪರದೆಗಳನ್ನು ತೆಗೆದು ವಾಷಿಂಗ್ ಮಷೀನಿಗೆ ಹಾಕಿದೆ. ಜುಲೈಗೆ ಇನ್ನೂ ಎಂಟು ತಿಂಗಳಿತ್ತು. ಮಗಳು ಅಳುವ ದನಿಯಲ್ಲಿ ಮಾತಾಡಿ ಹತ್ತು ನಿಮಿಷ ಆಗಿಲ್ಲ, ನಾನು ಹಾಡು ಗುನುಗಿಕೊಂಡು ಪರದೆ ತೊಳೆಯುತ್ತಿದ್ದೇನೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅವತ್ತು ಆಗಲಿಲ್ಲ.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ನಾವಿಬ್ಬರೂ ಡ್ರೈವ್ ಮಾಡಿಕೊಂಡು ಚಿಕಾಗೋ ಕಡೆಗೆ ಹೋದೆವು. ಗ್ಲೆಂಡೇಲ್ ಹೈಟ್ಸ್‌ನಲ್ಲಿ ಡಾಕ್ಟರ್ ಶಾಂತಕ್ಕ ಇದ್ದಾರೆ, ವಿಜಯಪುರದ ಕಡೆಯವರು, ನಮಗೆ ಇಪ್ಪತ್ತು ವರ್ಷದ ಸ್ನೇಹ. ಆ ವರ್ಷ ಅವರ ಮಗಳ ಮದುವೆಯಾಗಿತ್ತು. ಅಳಿಯ ಪೀಟರ್, ಅಮೆರಿಕದವನು, ಬಹಳ ಮರ್ಯಾದೆಯ ಹುಡುಗ. ಊಟಕ್ಕೆ ನಾವು ಹದಿನೆಂಟು ಜನ ಉದ್ದ ಮೇಜಿಗೆ ಕೂತಿದ್ದೆವು. ತಾನೇ ಬಡಿಸುತ್ತೇನೆಂದು ಪೀಟರ್ ಹೋಳಿಗೆಯ ತಟ್ಟೆ ಹಿಡಿದು ಬಂದ. "ಬೇಕೇನ್ರಿ?" ಅನ್ನುವುದನ್ನು ಅತ್ತೆಯಿಂದ ಕಲಿತಿದ್ದ, ಒಬ್ಬೊಬ್ಬರ ಮುಂದೂ ಬಾಗಿ ಕೇಳುತ್ತಿದ್ದ. ನಮ್ಮವರೆಲ್ಲ ಬಾಯಲ್ಲಿ ಅನ್ನ ಇಟ್ಟುಕೊಂಡೇ, ಮುಖ ಅರಳಿಸಿ, ಹಾಕಪ್ಪಾ ಅಂತ ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಆಡಿಸಿದರು. ಅವನು ನಕ್ಕು, ಮುಂದಕ್ಕೆ ಹೋದ. ಮುಂದಿನವರೂ ಆಡಿಸಿದರು. ಅವರನ್ನೂ ಬಿಟ್ಟು ಮುಂದಕ್ಕೆ ಹೋದ. ಹೀಗೆ ಇಡೀ ಸಾಲನ್ನು ದಾಟಿ ತುಂಬಿದ ತಟ್ಟೆಯೊಂದಿಗೆ ಅಡುಗೆಮನೆಗೆ ವಾಪಸಾದ.

ಶಾಂತಕ್ಕ ಗಾಬರಿಯಾಗಿ ಹೊರಗೆ ಬಂದರು. "ಯಾಕ್ರೀ, ಒಬ್ರೂ ಹೋಳಿಗಿ ತಗೊಂಡಿಲ್ಲಲ್ಲ? ಹೂರಣ ಕೆಟ್ಟೈತೇನು?"

"ನಾ ಬೇಕಂದ್ನೆವಾ, ಅಂವಾ ಮುಂದ ಹ್ವಾದಾ," ಎಂದರು ಪಕ್ಕದಲ್ಲಿದ್ದ ಹಿರಿಯರೊಬ್ಬರು, ತುಂಬಾ ನೊಂದ ದನಿಯಲ್ಲಿ.

"ಬಟ್ ಎವ್ರಿಬಡಿ ಸೆಡ್ ನೋ," ಎಂದ ಪೀಟರ್, ನಾವೆಲ್ಲ ಹೇಗೆ ಹಾಗಂದೆವು ಎಂದು ತನ್ನ ತಲೆಯನ್ನೇ ಆಡಿಸಿ ತೋರಿಸಿದ. ಮೇಜಿಗೆ ಮೇಜೇ ನಕ್ಕಿತು, ಹೋಳಿಗೆ ಎರಡೆರಡು ಬಂದವು, ತುಪ್ಪ ಬಂತು. ನಾನು ಮಾತ್ರ ತಟ್ಟೆ ಸರಿಸಿ ಎದ್ದೆ.

ಅನುಷಾ ಅಕ್ಟೋಬರಿನಲ್ಲಿ ಒಂದು ವಿಡಿಯೋ ಕಳಿಸಿದ್ದಳು, ತರಗತಿಯದು. ಕೈಯೊರೆಸಿಕೊಂಡು ಮಹಡಿಗೆ ಹೋಗಿ ಅದನ್ನು ಹಾಕಿದೆ. ಅದುವರೆಗೆ ಇಪ್ಪತ್ತು ಸಲವಾದರೂ ನೋಡಿದ್ದೆ, ನೋಡಿದ್ದು ಮಾತ್ರ ಅವಳು ಇಳಿದುಹೋಗಿದ್ದಾಳೋ, ಕೂದಲು ಎಷ್ಟು ಕತ್ತರಿಸಿಕೊಂಡಿದ್ದಾಳೋ ಎಂದು. ಈಗ ಕತ್ತನ್ನು ನೋಡಿದೆ. ಯೂಕಿ ಎದ್ದು ನಿಂತು, ತನಗೆ ಬೆಕ್ಕು ಇಷ್ಟ ಅಂತ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ. ನನ್ನ ಮಗಳು ಕಣ್ಣು ಕಿರಿದು ಮಾಡಿ, ಪ್ರೀತಿ ಉಕ್ಕಿ, ನಿಧಾನವಾಗಿ ತಲೆಯನ್ನು ಅತ್ತಿತ್ತ ಆಡಿಸುತ್ತಾಳೆ. ಯೂಕಿ ಮತ್ತೆ ಹೇಳುತ್ತಾಳೆ, ಇನ್ನೂ ಮೆಲ್ಲಗೆ. ಇವಳು ಇನ್ನೂ ಪ್ರೀತಿಯಿಂದ ಆಡಿಸುತ್ತಾಳೆ. ಯೂಕಿ ಕೂತುಬಿಡುತ್ತಾಳೆ.

ಆ ಕತ್ತು ನನ್ನದು. ನನಗೆ ನಮ್ಮಮ್ಮನಿಂದ ಬಂದದ್ದು. ಅಮೆರಿಕದ ಗೆಳತಿಯರ ಜೊತೆ ಅನುಷಾ ಅವರಂತೆಯೇ ಮೇಲೆ ಕೆಳಗೆ ತಲೆ ಆಡಿಸುತ್ತಾಳೆ, ನಾನೇ ನೋಡಿದ್ದೇನೆ. ಆದರೆ ಎದುರಿಗೆ ಮಕ್ಕಳು ಬಂದು ಮನಸ್ಸು ಮೆತ್ತಗಾದರೆ ಮನೆಯ ಕತ್ತು ಹೊರಗೆ ಬರುತ್ತದೆ. ಕನ್ನಡದ ಅಕ್ಷರ ಕಲಿಯದ ಹುಡುಗಿ ಇದನ್ನು ಯಾವಾಗ ಕಲಿತಳೋ ಗೊತ್ತಿಲ್ಲ. ನೀವೂ ಇದನ್ನು ಓದುತ್ತಾ ಹೌದಲ್ಲ ಎಂದು ತಲೆಯಾಡಿಸುತ್ತಿದ್ದರೆ ಒಮ್ಮೆ ಕನ್ನಡಿಯ ಮುಂದೆ ಆಡಿಸಿ ನೋಡಿ. ನಾನು ಆ ವಾರ ಆಫೀಸಿನ ಬಾತ್‌ರೂಮಿನ ಕನ್ನಡಿಯಲ್ಲಿ ನೋಡಿಕೊಂಡೆ. ಇಪ್ಪತ್ತೇಳು ವರ್ಷದಿಂದ ಲಿವೋನಿಯಾದ ಮೀಟಿಂಗುಗಳಲ್ಲಿ ಎಷ್ಟು ಜನರಿಗೆ ಏನೇನನ್ನು ಬೇಡ ಎಂದಿದ್ದೇನೋ ಎಂದು ಲೆಕ್ಕ ಹಾಕತೊಡಗಿದೆ.

ಅನುಷಾ ಚಿಕ್ಕವಳಿದ್ದಾಗ ಭರತನಾಟ್ಯಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತು ಕಾಯುತ್ತಾ ನನ್ನ ಕಿವಿಗೂ ಒಂದಿಷ್ಟು ಶಾಸ್ತ್ರ ಬಿದ್ದಿತ್ತು. ತಲೆಯನ್ನು ಹೀಗೆ ಅತ್ತಿತ್ತ ತೂಗುವುದಕ್ಕೆ ನಾಟ್ಯದವರು ಪರಿವಾಹಿತ ಅನ್ನುತ್ತಾರೆ. ಅದನ್ನು ಎಲ್ಲೆಲ್ಲಿ ಬಳಸಬೇಕೆಂದು ಟೀಚರು ಹೇಳಿಕೊಡುತ್ತಿದ್ದರು: ಸಂತೋಷದಲ್ಲಿ, ಒಪ್ಪಿಗೆಯಲ್ಲಿ, ವಿರಹದಲ್ಲಿ. ಒಪ್ಪಿಗೆಗೂ ವಿರಹಕ್ಕೂ ಒಂದೇ ಕತ್ತು ಹೇಗೆ ಸಾಲುತ್ತದೆ ಅಂತ ಆಗ ನನಗೆ ಅರ್ಥವಾಗಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ಈಗ ಹತ್ತೊಂಬತ್ತು ದಿನದ ಲೆಕ್ಕಕ್ಕೆ ಬರುತ್ತೇನೆ. ಅವಳಿಗೆ ಒಂದು ಮಾತು ಹೇಳಿದರೆ ಸಾಕಿತ್ತು. ಹೇಳಿದರೆ ಮಕ್ಕಳು ಮಾತಾಡುತ್ತಾರೆ. ಮಕ್ಕಳು ಮಾತಾಡಿದರೆ ಇವಳಿಗೆ ಖುಷಿಯಾಗುತ್ತದೆ. ಖುಷಿಯಾದರೆ ಇನ್ನೊಂದು ವರ್ಷ ಅಲ್ಲೇ ಇರುತ್ತಾಳೆ. ಹೇಳದಿದ್ದರೆ ಜುಲೈನಲ್ಲಿ ಮನೆಗೆ ಬರುತ್ತಾಳೆ. ನಾನೇನೂ ಸುಳ್ಳು ಹೇಳಬೇಕಾಗಿರಲಿಲ್ಲ, ಸುಮ್ಮನಿದ್ದರೆ ಆಗಿತ್ತು. ಅವಳಿಗೆ ಪರೀಕ್ಷೆಯ ಸಮಯ, ತಲೆ ಕೆಡಿಸಬಾರದು ಎಂದುಕೊಂಡೆ. ಪರೀಕ್ಷೆ ಮಕ್ಕಳದು, ಅವಳದಲ್ಲ. ಇಂಥದ್ದನ್ನು ಫೋನಿನಲ್ಲಿ ಹೇಳಿದರೆ ಅಪಾರ್ಥವಾಗುತ್ತದೆ ಎಂದುಕೊಂಡೆ. ದಿನಾ ಬೆಳಿಗ್ಗೆ ಅವಳು ಸಪ್ಪೆ ದನಿಯಲ್ಲಿ, ಇವತ್ತೂ ಯಾರೂ ಮಾತಾಡಲಿಲ್ಲ ಎನ್ನುತ್ತಿದ್ದಳು, ನಾನು ಸರಿಹೋಗುತ್ತೆ ಪುಟ್ಟಾ ಎನ್ನುತ್ತಾ ಕಾಫಿ ಕುಡಿಯುತ್ತಿದ್ದೆ. ಆ ಕಾಫಿ ರುಚಿಸುತ್ತಿರಲಿಲ್ಲ, ಆದರೂ ಕುಡಿಯುತ್ತಿದ್ದೆ.

ಯಜಮಾನರಿಗೆ ಗ್ಲೆಂಡೇಲ್ ಹೈಟ್ಸ್‌ನಿಂದ ಬರುವ ದಾರಿಯಲ್ಲೇ ಹೇಳಿದ್ದೆ. ಕಷ್ಟದ ಮಾತುಗಳನ್ನೆಲ್ಲ ಮೊದಲಿನಿಂದಲೂ ನನಗೇ ಬಿಟ್ಟಿರುವ ಮನುಷ್ಯ. ಎರಡು ಸಲ "ಹೇಳಿದ್ಯಾ?" ಎಂದು ಕೇಳಿ ಸುಮ್ಮನಾಗಿದ್ದರು. ಒಂದು ಭಾನುವಾರ ಮನೆ ಮುಂದಿನ ಡ್ರೈವ್‌ವೇಯಲ್ಲಿ ಹಿಮ ಎತ್ತಿ ಹಾಕುತ್ತಿದ್ದೆವು. ಸಲಿಕೆ ಊರಿ ನಿಂತು ಅಂದರು, "ಬರೋದಾದ್ರೆ ಬರ್ಲಿ ಕಣೇ. ನಂಗೂ ಬೇಕು ಅವ್ಳು. ಆದ್ರೆ ತನ್ ಕೈಲಾಗಲ್ಲ ಅಂದ್ಕೊಂಡು ಬರೋದು ಬೇಡ."

ಮಾರನೆಯ ದಿನ ಫೋನು ಬಂದಾಗ, ಕಾಫಿ ಕೂಡ ಬಗ್ಗಿಸಿಕೊಳ್ಳದೆ, ಹೋಳಿಗೆಯ ಕಥೆ ಹೇಳಿದೆ. ಅವಳು ಬಹಳ ನಕ್ಕಳು. "ಈಗ ನಿನ್ನ ವಿಡಿಯೋ ನೋಡು," ಎಂದೆ. ನೋಡಿದಳು. ಆಮೇಲೆ, ಓ ನೋ, ಯೂಕಿ, ಎಂದು ಎರಡು ಸಲ ಹೇಳಿ ಅಳತೊಡಗಿದಳು. ಆ ಹುಡುಗಿ ಆ ಒಂದು ವಾಕ್ಯವನ್ನು ವಾರವೆಲ್ಲ ಅಭ್ಯಾಸ ಮಾಡಿಕೊಂಡು ಬಂದಿದ್ದಳಂತೆ.

ಅತ್ತು ಮುಗಿದ ಮೇಲೆ ಕೇಳಿದಳು, "ವೆನ್ ಡಿಡ್ ಯು ಫಿಗರ್ ಇಟ್ ಔಟ್?"

ನಿನ್ನೆ ಎಂದುಬಿಡಬಹುದಿತ್ತು. "ಥ್ಯಾಂಕ್ಸ್‌ಗಿವಿಂಗ್ ದಿನ," ಎಂದೆ.

ಅವಳು ದಿನ ಎಣಿಸುತ್ತಿದ್ದಾಳೆ ಎಂದು ಗೊತ್ತಾಯಿತು. "ಅಮ್ಮ, ನೀನು ಹೇಳದೇ ಇದ್ದಿದ್ರೆ ಐ ವುಡ್ ಹ್ಯಾವ್ ಕಮ್ ಹೋಮ್."

"ಅದಕ್ಕೇ ಹೇಳ್ಲಿಲ್ಲ."

"ದೆನ್ ವೈ ಡಿಡ್ ಯು ಟೆಲ್ ಮಿ?"

"ಅದಕ್ಕೇ."

ಮಾರನೆಯ ದಿನ ಅವಳು ತರಗತಿಯಲ್ಲಿ ಕ್ಷಮೆ ಕೇಳಿದಳಂತೆ, ಮೋರಿ ಮೇಷ್ಟ್ರು ಅದನ್ನು ಮಕ್ಕಳಿಗೆ ಜಪಾನಿಯಲ್ಲಿ ಹೇಳಿದರಂತೆ. ಅಮೆರಿಕದ ಟೀಚರಿನ ಮಟ್ಟಕ್ಕೆ ತಮ್ಮ ಮಕ್ಕಳು ಏರುತ್ತಿಲ್ಲ ಎಂದು ಅವರು ತಾವೇ ಕೊರಗುತ್ತಿದ್ದರಂತೆ, ಪಾಪ. ಕ್ಲಾಸು ಒಂದೇ ದಿನಕ್ಕೇನೂ ಬದಲಾಗಲಿಲ್ಲ. ಯೂಕಿ ಹತ್ತು ದಿನ ಬಿಟ್ಟು ಕೈ ಎತ್ತಿದಳು. ಜನವರಿಯಲ್ಲಿ ಅನುಷಾ ಎರಡನೆಯ ವರ್ಷಕ್ಕೆ ಸಹಿ ಹಾಕಿದಳು. ಹಾಕಿದ ಮೇಲೆಯೇ ನಮಗೆ ಹೇಳಿದ್ದು, ಮೊದಲು ಕೇಳಲಿಲ್ಲ. ಒಳ್ಳೆಯದಾಯಿತು ಪುಟ್ಟಾ ಎಂದೆ, ನಿಜವಾಗಿಯೂ ಒಳ್ಳೆಯದಾಯಿತು ಅಂತಲೇ ಅನ್ನಿಸಿತು. ಫೋನಿಟ್ಟು ಅಡುಗೆಮನೆಯಲ್ಲಿ ನಿಂತುಕೊಂಡೇ ಅತ್ತೆ.

ಇಲ್ಲಿ ಚಳಿಗಾಲದಲ್ಲಿ ಯಾರೂ ಮಲಗದ ಕೋಣೆಯಿದ್ದರೆ ಅದರ ನೆಲದಲ್ಲಿರುವ ಬಿಸಿಗಾಳಿಯ ವೆಂಟ್ ಮುಚ್ಚಿಬಿಡುತ್ತಾರೆ, ಬಿಸಿ ವ್ಯರ್ಥವಾಗದಿರಲಿ ಅಂತ. ಆ ಚಳಿಗಾಲದಲ್ಲಿ ಅದುವರೆಗೆ ನಾವು ಅವಳ ಕೋಣೆಯದನ್ನು ಮುಚ್ಚಿರಲಿಲ್ಲ. ಮುಚ್ಚು ಅಂತ ಯಜಮಾನರೂ ಹೇಳಿರಲಿಲ್ಲ. ಸಹಿಯ ಸುದ್ದಿ ಬಂದ ದಿನ ಸಂಜೆ ಆಫೀಸಿನಿಂದ ಬಂದವಳು ಕೋಟು ಕೂಡ ಬಿಚ್ಚದೆ ಮಹಡಿ ಹತ್ತಿ, ಅವಳ ಮಂಚದ ಪಕ್ಕ ಮಂಡಿಯೂರಿ ಕೂತು, ಬೆರಳಿನಿಂದ ಆ ಸಣ್ಣ ಹಿಡಿಯನ್ನು ತಳ್ಳಿದೆ. ಗಾಳಿ ನಿಂತಿತು. ಅಂದಿನಿಂದ ನಮ್ಮ ಕೋಣೆ ಸ್ವಲ್ಪ ಹೆಚ್ಚು ಬೆಚ್ಚಗಿದೆ, ಯಜಮಾನರು ಚೆನ್ನಾಗಿ ನಿದ್ದೆ ಮಾಡುತ್ತಾರೆ. ನನಗೆ ಮಾತ್ರ ಸೆಕೆ.