ಒಳಗಿಂದ ದಾರ ಎಳೆಯುವವರು

ಹಾಸ್ಯದ ಬಗ್ಗೆ ಮಾತಾಡಲು ಒಂದು ಗ್ರಂಥಾಲಯದವರು ನನ್ನನ್ನು ಕರೆದಿದ್ದರು. ಮಳೆಯಲ್ಲೇ ಕಾರು ಓಡಿಸಿಕೊಂಡು ಹೋದೆ. ನನ್ನ ಕಾರಿಗೆ ಇಪ್ಪತ್ತೇಳು ವರ್ಷ. ಅದರ ಮುಂಗಾಜಿನ ಮೇಲಂಚಿನಿಂದ ನೀರು ಜಿನುಗುತ್ತಿತ್ತು. ಹಾಗೆ ಜಿನುಗಿದ್ದೆಲ್ಲ ಅಲ್ಲೇ ಎಲ್ಲೋ ಕೂಡಿಕೊಂಡಿದ್ದು, ನಾನು ಬ್ರೇಕು ಒತ್ತಿದಾಗ ಒಂದೇ ಸಲ ನನ್ನ ತೊಡೆಯ ಮೇಲೆ ಸುರಿಯುತ್ತಿತ್ತು. ಆ ದಿನ ದಾರಿಯುದ್ದಕ್ಕೂ ಕೆಂಪು ದೀಪಗಳು. ಇಳಿದು ನೋಡಿಕೊಂಡರೆ ತಿಳಿಬಣ್ಣದ ಪ್ಯಾಂಟಿನ ಮೇಲೆ, ಎಲ್ಲಿ ಆಗಬಾರದೋ ಸರಿಯಾಗಿ ಅಲ್ಲೇ, ಊಟದ ತಟ್ಟೆಯಗಲದ ಒದ್ದೆ. ಐವತ್ತು ದಾಟಿದ ಗಂಡಸು ಇದಕ್ಕೆ ಯಾವ ಕಾರಣ ಕೊಟ್ಟರೂ ಜನ ಕನಿಕರದಿಂದ ತಲೆಯಾಡಿಸುತ್ತಾರೆ. ಅದಕ್ಕಿಂತ ನಕ್ಕುಬಿಟ್ಟರೆ ಎಷ್ಟೋ ವಾಸಿ.

ಫೈಲನ್ನು ಮುಂದೆ ಹಿಡಿದುಕೊಂಡು ವೇದಿಕೆ ಹತ್ತಿದೆ. ಭಾಷಣ ಇದ್ದದ್ದು ಆ ಫೈಲಿನೊಳಗೆ. ಫೈಲು ತೆರೆದರೆ ಭಾಷಣ ಉಳಿಯುತ್ತದೆ, ಮಾನ ಹೋಗುತ್ತದೆ. ನಾನು ಮಾನವನ್ನೇ ಆರಿಸಿಕೊಂಡು ಮುಕ್ಕಾಲು ಗಂಟೆ ಬಾಯಿಗೆ ಬಂದದ್ದು ಮಾತಾಡಿದೆ. ಕೊನೆಗೆ ಅಧ್ಯಕ್ಷರು ಕೈ ಕುಲುಕಲು ಬಂದಾಗ ಅಭ್ಯಾಸಬಲದಿಂದ ಎರಡೂ ಕೈ ಚಾಚಿಬಿಟ್ಟೆ. ಇಡೀ ಕಾರ್ಯಕ್ರಮದಲ್ಲಿ ಮುಂದಿನ ಸಾಲಿನವರು ಮನಸಾರೆ ನಕ್ಕದ್ದು ಆಗ ಮಾತ್ರ.

ಮನೆಗೆ ಬಂದು ಹೇಳಿಕೊಂಡರೆ ಹೆಂಡತಿ ಸಮಾಧಾನ ಮಾಡಲಿಲ್ಲ. "ಇನ್ಮೇಲೆ ಕಾರೊಳಗೆ ಛತ್ರಿ ಹಿಡ್ಕೊಂಡು ಕೂತ್ಕೊಳ್ಳಿ. ಇಲ್ಲ, ಹೋಗಿ ಆ ಗಾಜಿನ ಮೇಸ್ತ್ರಿ ಕೈಲಿ ಸರಿ ಮಾಡಿಸಿ" ಎಂದಳು. ಎರಡರಲ್ಲಿ ಸುಲಭವಾದದ್ದು ಮೇಸ್ತ್ರಿ.

ಅವರ ಶೆಡ್ಡು ಒಂದು ಕಾರು ನಿಲ್ಲುವಷ್ಟೇ ಉದ್ದ. ಗೋಡೆಗೆ ಒರಗಿಸಿದ ಗಾಜುಗಳು, ಒಂದಕ್ಕೊಂದು ತಾಗದ ಹಾಗೆ ನಡುವೆ ಗೋಣಿಚೀಲ. ಹಿಂದೆಯೇ ಎರಡು ಕೋಣೆಯ ಮನೆ, ಅದರ ಕಿಟಕಿ ಶೆಡ್ಡಿಗೆ ತೆರೆದುಕೊಂಡಿತ್ತು. ಮೇಸ್ತ್ರಿಗೆ ಅರವತ್ತರ ಹತ್ತಿರ. ತೆಳ್ಳಗಿನ ಆಳು, ಮುಖದಲ್ಲಿ ಏನೂ ಕಾಣಿಸುವುದಿಲ್ಲ.

"ಎಷ್ಟು ದಿನದಿಂದ ಸೋರ್ತಿದೆ?"

"ಎರಡು ವರ್ಷ ಆಯ್ತೇನೋ."

"ಹಾಗಾದ್ರೆ ಅವಸರ ಇಲ್ಲ" ಎಂದು ಟೀ ಮುಗಿಸಿ ಎದ್ದರು.

ಶೆಡ್ಡು ಖಾಲಿಯಿದ್ದರೂ ಕಾರನ್ನು ಒಳಗೆ ತರಿಸಲಿಲ್ಲ. ರಸ್ತೆಯಾಚೆ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿ ಎಂದರು. ನನ್ನ ಕಾರಿನ ಯೋಗ್ಯತೆ ನೋಡಿ ಹೀಗೆ ಮಾಡಿದರು ಎಂದುಕೊಂಡೆ. ಗಾಜಿನ ಒಳಂಚಿಗೆಲ್ಲ ಮುಖಕ್ಕೆ ಹಚ್ಚುವ ಪೌಡರು ಉದುರಿಸಿ, ಹೊರಗಿನಿಂದ ಮಗ್ಗಿನಲ್ಲಿ ನೀರು ಸುರಿದರು. ಬಿಳಿ ಪೌಡರಿನ ನಡುವೆ ಒಂದು ಕಪ್ಪು ಗೆರೆ ಮೂಡಿತು. ನೀರು ಬರುವ ದಾರಿ ಅದೇ.

"ಸುತ್ತಲಿನ ರಬ್ಬರು ಕಲ್ಲಾಗಿದೆ. ಗಾಜು ಇಳಿಸಿ ಹೊಸ ರಬ್ಬರು ಹಾಕ್ಬೇಕು" ಎಂದವರು ಒಮ್ಮೆ ಮನೆಯ ಕಡೆ ತಿರುಗಿ ನೋಡಿದರು. "ಸದ್ಯಕ್ಕೆ ಗಮ್ ಹಾಕಿ ಕೊಡ್ತೀನಿ."

ಆ ಗಮ್ಮು ಎರಡು ಮಳೆಗೆ ತಡೆಯಿತು. ಮೂರನೆಯದಕ್ಕೆ ಮತ್ತೆ ತೊಡೆ ಒದ್ದೆ. ಈ ಸಲ ನಾನು ಯಾರನ್ನೂ ಕೇಳದೆ ಕಾರನ್ನು ನೇರ ಶೆಡ್ಡಿಗೇ ನುಗ್ಗಿಸಿದೆ. ಮೇಸ್ತ್ರಿ ಎದ್ದು ನಿಂತರು. ಕಿಟಕಿಯಲ್ಲಿ ಒಬ್ಬ ಹೆಂಗಸಿನ ಮುಖ ಕಾಣಿಸಿತು.

"ರೀ, ಮುಂಗಾಜಿನ ಕೆಲಸ ಬಂತಾ?"

"ಏನಿಲ್ಲ, ದಾರಿ ಕೇಳೋಕೆ ಬಂದಿದಾರೆ" ಎಂದರು ಮೇಸ್ತ್ರಿ.

ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ. "ದಾರಿ ಅಲ್ಲಮ್ಮ, ಮೊನ್ನೆ ಗಮ್ ಹಾಕಿಕೊಟ್ಟಿದ್ರಲ್ಲ, ಅದು ಮತ್ತೆ ಸೋರ್ತಿದೆ" ಎಂದೆ.

ಕಿಟಕಿಯ ಮುಖ ಗಂಡನ ಕಡೆ ತಿರುಗಿತು. "ಗಮ್ಮಾ?" ಎಂದು ಕೇಳಿತು. ಮೇಸ್ತ್ರಿ ಚಪ್ಪಲಿ ಬಿಟ್ಟು ಒಳಗೆ ಹೋದರು.

ನಾನು ಏನು ತಪ್ಪು ಮಾಡಿದೆನೋ ತಿಳಿಯದೆ ರಸ್ತೆ ದಾಟಿ ಪಂಕ್ಚರ್ ಅಂಗಡಿಯವನ ಹತ್ತಿರ ಹೋದೆ. ಅವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದುತ್ತ ಎಲ್ಲ ಹೇಳಿದ.

ಹಳೇ ಗಾಡಿಯ ಮುಂಗಾಜು ಒಬ್ಬರಿಂದ ಕೂರುವಂಥದ್ದಲ್ಲ. ಗಾಜಿಗೆ ತೊಡಿಸಿದ ರಬ್ಬರಿನ ಕಾಲುವೆಯಲ್ಲಿ ಸುತ್ತಲೂ ಒಂದು ದಾರ ಕೂರಿಸುತ್ತಾರೆ, ತುದಿಗಳನ್ನು ಕಾರಿನೊಳಕ್ಕೆ ಬಿಡುತ್ತಾರೆ. ಒಳಗೆ ಕೂತವರು ದಾರ ಎಳೆಯುತ್ತ ಹೋದ ಹಾಗೆ ರಬ್ಬರಿನ ಅಂಚು ತಗಡಿನ ಮೇಲೆ ಹತ್ತಿ ಕೂರುತ್ತದೆ. ದಾರ ಎಲ್ಲಿದೆಯೋ ಸರಿಯಾಗಿ ಅಲ್ಲಿ ಹೊರಗಿನವರು ಅಂಗೈಯಿಂದ ಗುದ್ದಬೇಕು. ಒಂದಿಷ್ಟು ಹಿಂದುಮುಂದಾದರೂ ಕೆಟ್ಟಿತು. ಬಸ್ಸಿನ ಬಾಡಿ ಕಟ್ಟುವಲ್ಲಿ ದುಡಿದು ಕೆಲಸ ಕಲಿತ ಮೇಸ್ತ್ರಿ ಸ್ವಂತ ಶೆಡ್ಡು ಹಾಕಿದ ಮೊದಲ ದಿನವೇ ಒಳಗೆ ಕೂರಬೇಕಾದ ಆಳು ಕೈಕೊಟ್ಟ. ಟೀ ತಂದ ಹೆಂಡತಿಗೆ "ಒಂದ್ನಿಮಿಷ ಒಳಗೆ ಕೂತ್ಕೊ" ಎಂದರಂತೆ. ಆ ಒಂದು ನಿಮಿಷ ಮೂವತ್ತೊಂದು ವರ್ಷ ನಡೆಯಿತು.

"ಗಾಜು ಅಡ್ಡ ಇರತ್ತಲ್ಲ ಸಾರ್, ಅಕ್ಕ ಏನಂದ್ರೂ ಹೊರಗೆ ಕೇಳ್ಸಲ್ಲ. ಬಾಯಿ ಅಲ್ಲಾಡೋದು ನೋಡೇ ಇವ್ರು ಗುದ್ದೋದು. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಕ್ಕನ ಬಲಗೈ ಏಳ್ಲೇ ಇಲ್ಲ. ಆಸ್ಪತ್ರೆಯಿಂದ ಬಂದ್ಮೇಲೆ ಆಡತ್ತೆ, ಆದ್ರೆ ಹಿಡಿತ ಇಲ್ಲ. ಅವತ್ತಿಂದ ಇವ್ರು ಒಂದೂ ಮುಂಗಾಜು ಇಳಿಸಿಲ್ಲ. ಬಂದವರನ್ನೆಲ್ಲ ಸಾಗಹಾಕಿ, ಯಾರೂ ಬರ್ತಿಲ್ಲ ಅಂತ ಅಕ್ಕಂಗೆ ಸುಳ್ಳು."

"ಬೇರೆ ಯಾರನ್ನಾದ್ರೂ ಕೂರಿಸ್ಕೋಬಹುದಲ್ಲ?"

"ನಾನೂ ಅದೇ ಅಂದೆ. ಅವಳ ಜಾಗದಲ್ಲಿ ಇನ್ನೊಬ್ರನ್ನ ಕೂರಿಸಿದ್ರೆ, 'ನಿನ್ನ ಕೈ ಇನ್ನು ಬರಲ್ಲ' ಅಂತ ನಾನೇ ಅವಳಿಗೆ ಹೇಳಿದಂಗಲ್ವೇನೋ, ಅಂದ್ರು. ನಾನು ಬಾಯಿ ಮುಚ್ಕೊಂಡೆ. ನೀವು ಮುಚ್ಕೊಳ್ಳಲಿಲ್ಲ ನೋಡಿ."

ನಾನು ತಲೆ ತಗ್ಗಿಸಿ ಶೆಡ್ಡಿಗೆ ವಾಪಸು ಬಂದಾಗ ಆಕೆ ಹೊರಗೆ ಬಂದು ನನ್ನ ಕಾರಿನ ಗಾಜಿನ ಮೇಲಂಚನ್ನು ಎಡಗೈ ಬೆರಳಿನಿಂದ ಸವರುತ್ತಿದ್ದರು. ದುಂಡುಮುಖ, ಬೆಳ್ಳಗಾದ ತಲೆ, ಬಲಗೈ ಸೆರಗಿನೊಳಗೆ.

"ಮೂವತ್ತು ವರ್ಷದಲ್ಲಿ ಇಂಥ ಕೆಲಸ ಈ ಶೆಡ್ಡಿಂದ ಹೊರಗೆ ಹೋಗಿರಲಿಲ್ಲ" ಎಂದರು ಗಂಡನಿಗೆ. "ಮೂಗು ಸೋರೋ ಮಗುಗೆ ಹಚ್ಚಿದಂಗೆ ಹಚ್ಚಿದೀರಲ್ಲ. ಇಳಿಸ್ರೀ ಗಾಜು."

"ನಿನ್ನ ಕೈ..."

"ನನ್ನ ಕೈ ನಾನು ನೋಡ್ಕೋತೀನಿ. ನೀವು ಗಾಜು ನೋಡಿ."

ಗಾಜು ಇಳಿಯಿತು. ತೊಳೆದು, ಹೊಸ ರಬ್ಬರು ತೊಡಿಸಿ, ದಾರ ಕೂರಿಸಿ, ಮೇಸ್ತ್ರಿ ಸೋಪಿನ ನೀರು ಬಳಿದರು. ನೂರು ಸಲ ಮಾಡಿದ ಕೆಲಸವನ್ನು ಇಷ್ಟು ನಿಧಾನವಾಗಿ ಮಾಡುತ್ತಿರುವುದೇಕೆಂದು ನನಗೂ ಗೊತ್ತಾಗುತ್ತಿತ್ತು. ಹೆಂಡತಿ ಕೂತು, ಆ ಕೈ ಸೋತರೆ, ಆಮೇಲೆ ಹೇಳಲು ಅವರ ಬಳಿ ಯಾವ ಸುಳ್ಳೂ ಉಳಿದಿರಲಿಲ್ಲ. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವಾಗಲೆಂದು ನಾನೇ ಮುಂದೆ ಬಿದ್ದೆ. "ಅಕ್ಕಾ, ನೀವು ಕೂತಿರಿ, ನಾನು ಎಳೀತೀನಿ" ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸ್ಟೂಲೊಂದನ್ನು ಎಳೆದುಕೊಂಡು ಕೂತರು. ತಮಾಷೆ ನೋಡಲು ಜನ ಕೂರುವುದು ಹಾಗೇ.

ನಾನು ಕಾರಿನೊಳಗೆ ಹತ್ತಿ, ದಾರವನ್ನು ಬಾವಿಯಿಂದ ನೀರು ಸೇದುವವನ ಹಾಗೆ ಎಳೆದೆ. ಅದು ಸರ್ರನೆ ಪೂರ್ತಿ ಕೈಗೆ ಬಂತು. ಹಿಂದಕ್ಕೆ ಬಿದ್ದ ನಾನು ಎರಡು ಸೀಟುಗಳ ನಡುವೆ ಸಿಕ್ಕಿಕೊಂಡೆ.

ಮೇಸ್ತ್ರಿ ಹೊರಗಿನಿಂದ ಬಗ್ಗಿ ನೋಡಿದರು. "ದಾರ ಚೆನ್ನಾಗಿ ಬಂತು ಸಾರ್. ಗಾಜೊಂದು ಬರ್ಬೇಕು."

"ಇಳೀರಿ ಸಾರ್, ಸಾಕು" ಎಂದು ಆಕೆ ಎದ್ದರು.

ಮತ್ತೆ ದಾರ ಕೂರಿಸಿದ್ದಾಯಿತು. ಆಕೆ ಒಳಗೆ ಕೂತು ತುದಿಯನ್ನು ಎಡಗೈಗೆ ಸುತ್ತಿಕೊಂಡರು. ಆದರೆ ಮೂವತ್ತೊಂದು ವರ್ಷ ಬಲಗೈಯಲ್ಲಿ ಬಲಕ್ಕೆ ಎಳೆದವರು ಈಗ ಎಡಕ್ಕೆ ಎಳೆಯಬೇಕಿತ್ತು. ಅವರು ಎಡಮೂಲೆಗೆ ಎಳೆದರೆ ಮೇಸ್ತ್ರಿಯ ಕಾಲು ಅಭ್ಯಾಸದಂತೆ ಇನ್ನೊಂದು ಮೂಲೆಗೆ ನಡೆದು, ಅಲ್ಲಿ ಗುದ್ದುತ್ತಿತ್ತು. ರಬ್ಬರು ಹೊರಳಿತು. ಮೊದಲಿಂದ ಮತ್ತೆ. ಎರಡನೆಯ ಸಲವೂ ಅದೇ ಮೂಲೆ. ಒಳಗೆ ಆಕೆಯ ಬಾಯಿ ಜೋರಾಗಿ ಆಡುತ್ತಿತ್ತು. ಬೈಗುಳವೆಂದು ತಿಳಿಯಲು ನನಗೆ ತುಟಿ ಓದುವ ವಿದ್ಯೆ ಬೇಕಾಗಲಿಲ್ಲ, ನಾನೂ ಸಂಸಾರಸ್ಥ.

ಎಂಟು ತಿಂಗಳು ಆಕೆಯ ಕೈಯ ಚಿಂತೆ ಮಾಡಿದ ಮನುಷ್ಯನಿಗೆ ತನ್ನ ಕಾಲಿನ ಚಿಂತೆ ಬಂದಿರಲೇ ಇಲ್ಲ. ಮೇಸ್ತ್ರಿ ತಮ್ಮ ಒಂದು ಚಪ್ಪಲಿಯನ್ನು ತೆಗೆದು ಹೊಸ ಮೂಲೆಯ ಕೆಳಗೆ ಗುರುತಿಗೆ ಇಟ್ಟರು. ಮೂರನೆಯ ಸಲ ಚಪ್ಪಲಿ ಇದ್ದ ಕಡೆ ನಡೆದರು.

ದಾರ ಒಂದೊಂದು ಅಂಗುಲವಾಗಿ ಬರತೊಡಗಿತು. ಆಕೆ ತುಟಿ ಅಲುಗಿಸುವುದು, ಇವರ ಅಂಗೈ ಬೀಳುವುದು, ಟಪ್, ಟಪ್ ಎಂದು ರಬ್ಬರು ಕೂರುವುದು. ಗಾಜಿನ ಆಚೆ ಈಚೆ ಎರಡು ಮುಖಗಳು ಒಂದು ಗೇಣು ಅಂತರದಲ್ಲಿ ಜೊತೆಯಾಗಿ ಸರಿಯುತ್ತಿದ್ದವು. ನೋಡುತ್ತ ನಿಲ್ಲಲು ನನಗೆ ಸಂಕೋಚವಾಗಿ ವೈಪರಿನ ಕಡೆ ಕಣ್ಣು ಹೊರಳಿಸಿದೆ. ಮತ್ತೆ ನೋಡಿದಾಗ ಎಡಗೈ ಎಳೆದ ದಾರವನ್ನು ಆಕೆ ಬಲಗೈಗೆ ಸುತ್ತುತ್ತಿದ್ದರು. ಆ ಕೈ ಹಿಡಿಯಲಾರದಿದ್ದರೂ ಮಡಿಲಲ್ಲಿ ಅಲುಗದೆ ನಿಂತು ಸುತ್ತಿಸಿಕೊಳ್ಳುತ್ತಿತ್ತು. ಕೊನೆಯ ಮೂಲೆ ಕೂತಿತು.

ಪೌಡರು ಉದುರಿಸಿ ಆಕೆ ಒಳಗೇ ಕೂತರು. ಮೇಸ್ತ್ರಿ ಮಗ್ಗಿನ ಮೇಲೆ ಮಗ್ಗು ನೀರು ಸುರಿದರು. ಬಕೆಟ್ಟು ಖಾಲಿಯಾಯಿತು, ಪೌಡರಿನಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಆಕೆ ದಾರ ಸುತ್ತಿದ ಬಲಗೈಯನ್ನು ಎಡಗೈಯಿಂದ ಎತ್ತಿ ಗಾಜಿಗೆ ತಾಗಿಸಿಟ್ಟು ಏನೋ ಹೇಳತೊಡಗಿದರು. ನಗುತ್ತ ಹೇಳಿದರು, ಒಂದು ಸಲ ಗದರಿದರು, ಮತ್ತೆ ಮೆಲ್ಲಗೆ ಏನನ್ನೋ ಹೇಳಿದರು. ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಮೇಸ್ತ್ರಿ ಒಂದು ಕಾಲಿಗೆ ಚಪ್ಪಲಿ, ಒಂದು ಕಾಲಿಗೆ ಇಲ್ಲದೆ, ಖಾಲಿ ಮಗ್ಗು ಹಿಡಿದುಕೊಂಡು ಆ ತುಟಿಗಳನ್ನೇ ನೋಡುತ್ತ ನಿಂತಿದ್ದರು.

ನಾನು ಸುಮ್ಮನಿರಬೇಕಿತ್ತು. ಕೇಳಿಯೇಬಿಟ್ಟೆ. "ಅಷ್ಟೊತ್ತು ಏನಂದ್ರು ಮೇಸ್ತ್ರಿ?"

ಅವರು ಮಗ್ಗನ್ನು ಬಕೆಟ್ಟಿಗೆ ಹಾಕಿದರು.

"ಸೋರ್ತಿಲ್ಲ ಅಂದ್ಲು ಸಾರ್."