ಗಡಿಯಾರ ನೋಡಿ ಎಲೆ ಆಡುವ ನಮ್ಮ ಡಾಕ್ಟರರು

ದನಕರುಗಳ ಚಿಕಿತ್ಸೆಯಲ್ಲಿ ಮೂವತ್ತೊಂದು ವರ್ಷ ಸವೆಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಡಾಕ್ಟರರ ಕೈಗುಣವನ್ನು ಬಲ್ಲವರು ಈ ಅಭಿನಂದನ ಸಂಪುಟದಲ್ಲಿ ಕೊಂಡಾಡಿದ್ದಾರೆ. ನನ್ನ ಪಾಲಿಗೆ ಬಂದಿರುವುದು, ಹಾಲಿನ ಸಂಘದ ಮಹಡಿಯಲ್ಲಿ ಭಾನುವಾರದ ಮಧ್ಯಾಹ್ನ ಹೊಸಬರಿಗೆ ಅವರು ಬ್ರಿಜ್ ಎಂಬ ಇಸ್ಪೀಟಾಟ ಕಲಿಸಿದ ಬಗೆ. ಅದೇ ಸಂಘದಲ್ಲಿ ಹಾಲಿಗೆ ನೀರು ಬೆರೆತಿದೆಯೇ ಎಂದು ಪರೀಕ್ಷಿಸುವವನು ನಾನು. ಬೆಳಿಗ್ಗೆ ಐದಕ್ಕೇ ಅನುಮಾನ ಪಡಲು ಶುರುಮಾಡುವ ಉದ್ಯೋಗ. ಭಾನುವಾರವೂ ಅದಕ್ಕೆ ರಜೆ ಕೊಡುವುದು ನನ್ನಿಂದಾಗಲಿಲ್ಲ.

ಬ್ರಿಜ್‌ನಲ್ಲಿ ಆಟ ವಹಿಸಿಕೊಂಡವರು ತಮ್ಮ ಹದಿಮೂರು ಎಲೆಗಳನ್ನೂ, ಮೇಜಿನ ಮೇಲೆ ಬಿಚ್ಚಿಟ್ಟ ಜೊತೆಗಾರನ ಹದಿಮೂರನ್ನೂ ತಾವೇ ಆಡುತ್ತಾರೆ. ಇಷ್ಟು ಟ್ರಿಕ್, ಅಂದರೆ ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು, ಎತ್ತುತ್ತೇನೆಂದು ಮೊದಲೇ ಹೇಳಿರುತ್ತಾರೆ. ದೊಡ್ಡ ಎಲೆಗಳು ಸಾಲದಿದ್ದರೆ ಉಳಿದದ್ದನ್ನು ಚಿಲ್ಲರೆ ಎಲೆಗಳಿಂದ ಹುಟ್ಟಿಸಿಕೊಳ್ಳಬೇಕು. ಡಾಕ್ಟರರು ಹುಟ್ಟಿಸುತ್ತಿದ್ದ ರೀತಿಯೇ ನನಗೆ ಸಂಶಯ ತಂದದ್ದು. ಎಕ್ಕ, ರಾಜ ಎದುರಿಗೇ ಇರುವಾಗ ಎರಡೂ ಕಡೆಯಿಂದ ಚಿಲ್ಲರೆ ಹಾಕಿ ಮೊದಲ ಟ್ರಿಕ್ಕನ್ನು ಎದುರಾಳಿಗಳಾಗಿ ಕೂತ ನಮಗೆ ಬಿಟ್ಟುಕೊಡುತ್ತಿದ್ದರು. ಅದಕ್ಕೆ ಮುಂಚೆ, ನನ್ನ ಬೆನ್ನ ಹಿಂದಿನ ಗೋಡೆ ಗಡಿಯಾರವನ್ನು ಒಂದು ನಿಮಿಷ ದಿಟ್ಟಿಸುತ್ತಿದ್ದರು. ಗಡಿಯಾರಕ್ಕೆ ಗಾಜಿತ್ತು. ಗಾಜಿನಲ್ಲಿ ನನ್ನ ಎಲೆಗಳು ಕಾಣುತ್ತಿವೆ ಎಂದು ತೀರ್ಮಾನಿಸಿ, ಸಂಘದ ಕಾರ್ಯದರ್ಶಿಗಳಿಗೆ ದೂರು ಕೊಟ್ಟೆ. ನಿಜವೆಂದಾಗಿದ್ದರೆ ಕಲಿಸುವ ಮೇಜು ಅವರ ಕೈತಪ್ಪುತ್ತಿತ್ತು. ಅವರ ಮಾತಿಗಿದ್ದ ತೂಕವೂ ಹೋಗುತ್ತಿತ್ತು.

ಮುಂದಿನ ಭಾನುವಾರ ಕಾರ್ಯದರ್ಶಿಗಳು ಎಲ್ಲರೆದುರು ಗಡಿಯಾರಕ್ಕೆ ಟವೆಲ್ ಹೊದಿಸಿದರು. ಡಾಕ್ಟರರ ಮುಖ ಸಪ್ಪಗಾಯಿತು. ಸಿಕ್ಕಿಬಿದ್ದರು ಎಂದುಕೊಂಡೆ. ಪಾಠಕ್ಕೆಂದು ಜೋಡಿಸಿ ತಂದಿದ್ದ ಎಲೆಗಳನ್ನು ಅವರು ನನ್ನ ಮುಂದಿಟ್ಟು, "ಇವತ್ತು ನೀವೇ ಆಡಿ ಸಾರ್. ಕಳಾವರ್‌ನಲ್ಲೇ ನಾಲ್ಕು ಟ್ರಿಕ್ ಬೇಕು," ಎಂದರು.

ಜೊತೆಗಾರನ ಕಡೆ ಕಳಾವರ್ ಎಕ್ಕ, ರಾಜ, ಮೂರು ಚಿಲ್ಲರೆ; ಬೇರೆ ದೊಡ್ಡ ಎಲೆ ಅಲ್ಲಿಲ್ಲ. ನನ್ನ ಕೈಯಲ್ಲಿ ಬರೀ ಮೂರು ಚಿಲ್ಲರೆ. ಎಕ್ಕ ಹೊಡೆದೆ, ರಾಜ ಹೊಡೆದೆ, ಮೂರನೆಯದನ್ನು ಸೋತೆ. ಎದುರಾಳಿಗಳ ಕಳಾವರ್ ಮುಗಿದು, ಆಚೆ ಜೊತೆಗಾರನ ಕಡೆ ಉಳಿದ ಎರಡು ಚಿಲ್ಲರೆಗಳೇ ಈಗ ದೊಡ್ಡವು. ಆದರೆ ಟ್ರಿಕ್ ಗೆದ್ದ ಕೈಯಿಂದಲೇ ಮುಂದಿನ ಎಲೆ ಇಳಿಯಬೇಕು; ಅಲ್ಲಿಗೆ ಹೋಗಲು ನನ್ನಲ್ಲಿ ಕಳಾವರ್ ಎಲೆಯೇ ಇಲ್ಲ!

"ಲ್ಯಾಕ್ಟೋಮೀಟರ್ ಅದ್ದಿ ನೋಡಿ ಸಾರ್, ಆಟದಲ್ಲಿ ಎಷ್ಟು ನೀರಿದೆ ಅಂತ!" ಎಂದ ಪಕ್ಕದಲ್ಲಿದ್ದ ಬಸ್ ಕಂಡಕ್ಟರ್.

ಡಾಕ್ಟರರು ನಗಲಿಲ್ಲ. "ಹೇಗೂ ಸೋಲೋ ಒಂದನ್ನ ಮೊದಲೇ ಸೋತುಬಿಡಿ. ಎಕ್ಕ, ರಾಜ ಎಲ್ಲೂ ಓಡಿಹೋಗಲ್ಲ, ಆಚೆ ಹೋಗೋಕೆ ಅವೇ ದಾರಿ," ಎಂದು ಅವೇ ಎಲೆಗಳನ್ನು ಮತ್ತೆ ಕೊಟ್ಟರು. ಒಂದು ಬಿಟ್ಟೆ, ನಾಲ್ಕು ಬಂದವು. ಟವೆಲ್ ಹಾಗೇ ಇತ್ತು.

"ಹಾಗಾದ್ರೆ ಗಡಿಯಾರ ಯಾಕೆ ನೋಡ್ತಿದ್ರಿ?" ಎಂದೆ, ಸೋಲೊಪ್ಪದೆ.

ಅವರು ನಾಚಿದರು. "ನಂಗೆ ಲೆಕ್ಕ ತಲೇಲಿ ನಿಲ್ಲಲ್ಲ ಸಾರ್. ಅಂಕಿ ಹನ್ನೆರಡು, ನಡುವಿನ ಮೊಳೆ ಸೇರಿ ಹದಿಮೂರು, ಕಳಾವರ್ ಎಲೆನೂ ಅಷ್ಟೇ. ನಮ್ಮ ಎಂಟು ಕಳೆದ್ರೆ ಅವರಿಬ್ಬರ ಹತ್ರ ಐದು. ಮೂರು, ಎರಡು ಅಂತ ಹಂಚಿದ್ರೆ ನಮ್ಮ ಕೆಲಸ ಆಯ್ತು."

ಟವೆಲ್ಲನ್ನು ನಾನೇ ತೆಗೆದೆ. ಕಾರ್ಯದರ್ಶಿಗಳು ಕಲಿಯುವವರ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಲು ಹೊರಟಾಗ, "ಅನುಮಾನ ಇರೋರು ಎಲೆ ಸರಿಯಾಗಿ ಎಣಿಸ್ತಾರೆ, ಇರಲಿ ಬಿಡಿ," ಎಂದು ತಡೆದವರೂ ಡಾಕ್ಟರರೇ.

ಇದಾಗಿ ಒಂಬತ್ತು ವರ್ಷ. ಈಗ ಹೊಸಬರ ಮೇಜನ್ನು, ತಮ್ಮ ಮೇಲೆ ದೂರು ಕೊಟ್ಟ ನನಗೇ ವಹಿಸಿದ್ದಾರೆ. ಎರಡು ಹೆಚ್ಚಿಗೆ ಬರುವುದು ಕಾಣದೆ ಒಂದನ್ನು ಬಿಟ್ಟುಕೊಟ್ಟವರಲ್ಲ ಅವರು. ಇದರ ಹಿಂದೆ ಏನೋ ಇದೆ. ಅದನ್ನು ಪತ್ತೆಹಚ್ಚಲು ನನ್ನಂಥ ಮಂದಬುದ್ಧಿಗೆ ಬಹಳ ಕಾಲ ಬೇಕು. ಅಷ್ಟೂ ಕಾಲ ಅವರು ಆರೋಗ್ಯದಿಂದಿದ್ದು, ಪ್ರತಿ ಭಾನುವಾರ ಆ ಗಡಿಯಾರದ ಎದುರಿನ ಕುರ್ಚಿಯಲ್ಲೇ ಕುಳಿತಿರಲಿ.